ಕಳೆ ತಿನ್ನುವ ಹುಳ ಡಬ್ಬಿಯಲ್ಲಿ ಸಿಗುತ್ತದೆಯೇ?

ಹೋದ ಸಂಚಿಕೆಯ ಮೂಲೆಯೊಂದರಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ, ಎಲೆ ತಿನ್ನುವ ಮೆಕ್ಸಿಕೋ ಜೀರುಂಡೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ನಿಜ ಹೇಳಬೇಕೆಂದರೆ ಜಾಗ ತುಂಬಿಸಲಿಕ್ಕೆ ಬರೆದದ್ದು. ಅದಕ್ಕೆ ಬಂದಷ್ಟು ಕಾಗದ, ಮಾವಿನ ಹಣ್ಣಿನ ನೊಣದ ಬಗ್ಗೆ ಮೂರು ಪುಟ ಬರೆದಾಗಲೂ ಬಂದಿರಲಿಲ್ಲ. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ. ಉದ್ದದ ಕಾಗದಗಳನ್ನು ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮ್ಮದು ಮೂರೆಕರೆ ತೆಂಗು, ಎರಡೆಕರೆ ರಾಗಿ ಹೊಲ. ಬದುವಿನ ತುಂಬಾ ಕಾಂಗ್ರೆಸ್ ಗಿಡ. ಕೀಳಲು ಆಳು ಸಿಗುವುದಿಲ್ಲ. ಸಿಕ್ಕಿದವರಿಗೆ ಮೈಯೆಲ್ಲ ಕಡಿತ. ನೀವು ಬರೆದ ಹುಳ ಎಲ್ಲಿ ಸಿಗುತ್ತದೆ? ಎಕರೆಗೆ ಎಷ್ಟು ಬೇಕು? ಎಷ್ಟು ದಿನದಲ್ಲಿ ಹೊಲ ಚೊಕ್ಕಟವಾಗುತ್ತದೆ?
– ರೈತರೊಬ್ಬರು, ಹಿರಿಯೂರು

ಉತ್ತರ: ‘ಎಕರೆಗೆ ಎಷ್ಟು’ ಎಂದಿರಲ್ಲ, ನಾನೂ ಒಮ್ಮೆ ಅಲ್ಲೇ ಎಡವಿದ್ದು. ಆ ಕಥೆ ಮೊದಲು ಹೇಳಿಬಿಡುತ್ತೇನೆ.

1989ರ ನವೆಂಬರ್. ನಾನಾಗ ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಊರ ಹೊರಗಿನ ರಸ್ತೆ ಬದಿಗಳಲ್ಲಿ ಈ ಜೀರುಂಡೆ ಆಗಲೇ ಚೆನ್ನಾಗಿ ಹಬ್ಬಿತ್ತು. ಒಂದು ಭಾನುವಾರ ಬೆಳಿಗ್ಗೆ ಕೂತು ಇನ್ನೂರು ಚಿಲ್ಲರೆ ಹುಳ ಆಯ್ದೆ. ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿ, ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿ, ಶಿರಾ ಬಸ್ ಹತ್ತಿದೆ. ಕಂಡಕ್ಟರ್ ಬಗ್ಗಿ ನೋಡಿ, ‘ಏನಮ್ಮಾ ಇದು?’ ಎಂದರು. ‘ಹುಳ’ ಎಂದೆ. ‘ಇಷ್ಟಕ್ಕೂ ಲಗೇಜ್ ಹಾಕಬೇಕಾಗುತ್ತದೆ ನೋಡಿ’ ಎಂದು ನಕ್ಕು ಮುಂದೆ ಹೋದರು. ಊರಲ್ಲಿ ನನ್ನ ತಮ್ಮ, ‘ಎಲ್ಲರ ಅಕ್ಕಂದಿರು ಬೆಂಗಳೂರಿನಿಂದ ಸ್ವೀಟು ತರ್ತಾರೆ, ನಮ್ಮಕ್ಕ ಹುಳ ತಂದಿದ್ದಾಳೆ’ ಎಂದ. ಹೊಲದ ನಾಲ್ಕೂ ಬದುವಿಗೆ ಹಂಚಿ, ಒಂದೊಂದು ಗಿಡಕ್ಕೆ ಎರಡು ಮೂರು ಅಂತ ಇಟ್ಟು ಬಂದೆ. ವಾರ ಕಳೆದ ಮೇಲೆ ಅವನ ಕಾಗದ ಬಂತು: ‘ನಿನ್ನ ಆಳುಗಳು ಕೂಲಿ ಕೇಳದೆ ಓಡಿಹೋಗಿದ್ದಾರೆ.’

ತಪ್ಪು ಹುಳದ್ದಲ್ಲ, ನನ್ನದು. ಮಳೆಗಾಲ ಮುಗಿಯುತ್ತಾ ಬಂದಂತೆ ಈ ಜೀರುಂಡೆ ಮಣ್ಣಿನೊಳಗೆ ಇಳಿದು ಮಲಗುತ್ತದೆ. ಐದಾರು ತಿಂಗಳು ಊಟವಿಲ್ಲ, ಓಡಾಟವಿಲ್ಲ. ಮುಂಗಾರಿನ ಮಳೆಗೆ ಮಣ್ಣು ನೆನೆದ ಮೇಲೆ ಎದ್ದು ಬರುವುದು. ನಾನು ಮಲಗುವ ಹೊತ್ತಿಗೆ ಕೆಲಸಕ್ಕೆ ಕರೆದಿದ್ದೆ. ಸಾಲದ್ದಕ್ಕೆ ತಮ್ಮ ಮಾಗಿ ಉಳುಮೆ ಮಾಡುವಾಗ ಬದುವಿನ ಬುಡದವರೆಗೂ ಮಣ್ಣು ತಿರುವಿಹಾಕಿದ್ದ. ಮಲಗಿದ್ದವು ಅಲ್ಲೇ ಹೋದವು. ಮೂರನೇ ವರ್ಷದ ಜುಲೈನಲ್ಲಿ ಊರ ಮುಂದಿನ ಗುಂಡುತೋಪಿನಲ್ಲಿ ಪಾರ್ಥೇನಿಯಂ ಎಲೆಗಳೆಲ್ಲ ಜರಡಿಯಾಗಿದ್ದವು. ನನ್ನ ಬಾಟಲಿಯ ಮೊಮ್ಮಕ್ಕಳೇ ಎಂದು ನಾನು ಹೇಳುತ್ತೇನೆ. ಹೆದ್ದಾರಿ ಹಿಡಿದು ತಾವೇ ಬಂದವು ಎಂದು ತಮ್ಮ ಹೇಳುತ್ತಾನೆ. ಈಗಲೂ ತೀರ್ಮಾನವಾಗಿಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಹುಳದ ಹೆಸರು ಜೈಗೋಗ್ರಾಮಾ ಬೈಕಲರೇಟ. ಬಿಳಿ ಕೆನೆ ಬಣ್ಣದ ಬೆನ್ನು, ಅದರ ಮೇಲೆ ಉದ್ದಕ್ಕೆ ಕಂದು ಗೀಟು. ಹುರುಳಿಕಾಳಿನಷ್ಟು ಗಾತ್ರ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದರು. ಪಾರ್ಥೇನಿಯಂ ಕೂಡ ಅಮೆರಿಕದ ಕಡೆಯದೇ. ಪುಣೆಯಲ್ಲಿ 1955ರ ಹೊತ್ತಿಗೆ ಕಣ್ಣಿಗೆ ಬಿತ್ತು. ಆಮದು ಗೋಧಿಯ ಜೊತೆ ಬಂತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗಿಡ ಬಂತು, ಗಿಡ ತಿನ್ನುವವರು ಅಲ್ಲೇ ಉಳಿದರು. ಅವರನ್ನು ಹುಡುಕಿ ಕರೆತರುವುದೇ ಈ ವಿದ್ಯೆ. ಹೆಸರಘಟ್ಟದಲ್ಲಿ ಕೀಟವಿಜ್ಞಾನಿ ಕೆ.ಪಿ. ಜಯಂತ್ ಮತ್ತು ಸಂಗಡಿಗರು ಬೇರೆ ಬೇರೆ ಬೆಳೆಗಳ ಎಲೆ ಮುಂದಿಟ್ಟು ಪರೀಕ್ಷೆ ಮಾಡಿದರು. 1984ರಲ್ಲಿ ಬಯಲಿಗೆ ಬಿಟ್ಟರು. ಮೊದಲ ಕೆಲವು ವರ್ಷ ಏನೂ ಆಗಲಿಲ್ಲ. 1988ರ ಹೊತ್ತಿಗೆ ಒಮ್ಮೆಲೇ ಎದ್ದಿತು.

ಎಲೆಯ ಅಡಿಗೆ ಮೊಟ್ಟೆ. ಮರಿಹುಳ ಮೊದಲು ಕುಡಿ, ಮೊಗ್ಗು ತಿನ್ನುತ್ತದೆ. ಇದೇ ಮುಖ್ಯ, ಏಕೆಂದರೆ ಹೂವಿಲ್ಲದಿದ್ದರೆ ಬೀಜವಿಲ್ಲ. ಆಮೇಲೆ ಎಲೆ. ಎರಡು ವಾರ ತಿಂದು ಮಣ್ಣಿಗಿಳಿದು ಕೋಶವಾಗುತ್ತದೆ, ಜೀರುಂಡೆಯಾಗಿ ಮೇಲೆ ಬರುತ್ತದೆ. ಒಟ್ಟು ಹತ್ತಿರ ಹತ್ತಿರ ಒಂದು ತಿಂಗಳು. ಗಿಡಕ್ಕೆ ಒಂದಕ್ಕಿಂತ ಜಾಸ್ತಿ ಜೀರುಂಡೆ ಇದ್ದರೆ ನಾಲ್ಕರಿಂದ ಎಂಟು ವಾರದಲ್ಲಿ ಗಿಡ ಬರೀ ಕಡ್ಡಿಯಾಗುತ್ತದೆ ಎನ್ನುವುದು ಬೆಂಗಳೂರಿನ ಸುತ್ತ ಕಂಡ ಲೆಕ್ಕ. ಆದರೆ ಒಂದು ದೊಡ್ಡ ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಮಣ್ಣಿನಲ್ಲಿ ಹಳೇ ಬೀಜದ ದಾಸ್ತಾನು ಬೇರೆ. ‘ಚೊಕ್ಕಟ’ ಎನ್ನುವ ಮಾತನ್ನು ಬಿಟ್ಟುಬಿಡಿ. ಸೊಂಟದೆತ್ತರದ ಗಿಡ ಮೊಣಕಾಲಿಗೆ ಇಳಿದರೆ, ನಡುವೆ ಹುಲ್ಲು ತಲೆ ಎತ್ತಿದರೆ, ಹುಳ ತನ್ನ ಪಾಲಿನದು ಮಾಡಿತು ಅಂತ ಲೆಕ್ಕ.

ದುಡ್ಡು ಕೊಟ್ಟು ಹುಡುಕುವ ಮೊದಲು ನಿಮ್ಮ ಊರಿನ ರಸ್ತೆ ಬದಿ ನೋಡಿ. ಮುಂಗಾರಿನ ಎರಡನೇ ಹದ ಮಳೆ ಆದ ಮೇಲೆ, ಬೆಳಿಗ್ಗೆ. ತೂತುಬಿದ್ದ ಎಲೆ ಕಂಡರೆ ಹುಳ ಅಲ್ಲೇ ಇರುತ್ತದೆ. ಗಾಳಿ ಆಡುವ ಡಬ್ಬಿಯಲ್ಲಿ ಎಲೆ ಸಮೇತ ತನ್ನಿ. ನಾನು ಮಾಡಿದ ಹಾಗೆ ನಾಲ್ಕು ಕಡೆ ಚೆಲ್ಲಬೇಡಿ. ಎಲ್ಲವನ್ನೂ ಒಂದೇ ಪೊದೆಗೆ ಬಿಡಿ, ಗಂಡು ಹೆಣ್ಣು ಒಂದಕ್ಕೊಂದು ಸಿಗಬೇಕಲ್ಲ. ಆ ಜಾಗಕ್ಕೆ ಕಳೆನಾಶಕ ಹೊಡೆಯಬೇಡಿ, ಬೇಸಿಗೆಯಲ್ಲಿ ಉಳಬೇಡಿ. ರಾಗಿ ಹೊಲದ ಒಳಗಿನ ಗಿಡಕ್ಕೆ ಹುಳ ಕಾಯಬೇಡಿ. ಅದನ್ನು ಹೂ ಬಿಡುವ ಮುಂಚೆ, ಮಣ್ಣು ಹಸಿ ಇರುವಾಗ, ಕೈಗೆ ಗವಸು ಹಾಕಿ ಕೀಳಲೇಬೇಕು. ಬದುವಿನಲ್ಲಿ ತಗಚೆ ಬೀಜ ಎರಚಿ, ಅದು ಒತ್ತಾಗಿ ಬೆಳೆದರೆ ಪಾರ್ಥೇನಿಯಂಗೆ ಜಾಗ ಸಿಗುವುದಿಲ್ಲ.

ಪ್ರಶ್ನೆ: ನಾವು ಸೂರ್ಯಕಾಂತಿ ಬೆಳೆಯುವವರು. ನಮ್ಮ ತಂದೆ ಹೇಳುವಂತೆ ಈ ಹುಳ ಹಿಂದೆ ಸೂರ್ಯಕಾಂತಿಗೂ ಬಿದ್ದಿತ್ತಂತೆ, ಸರ್ಕಾರವೇ ನಿಲ್ಲಿಸಿತ್ತಂತೆ. ಇದನ್ನು ಬರೆಯದೆ ಸುಮ್ನೆ ಹೊಗಳಿದ್ದು ಯಾಕೆ?
– ಗದಗ ಜಿಲ್ಲೆಯ ಓದುಗರು

ಉತ್ತರ: ಬೈದದ್ದು ಸರಿಯಾಗಿದೆ. ನಿಮ್ಮ ತಂದೆಯವರ ನೆನಪೂ ಸರಿಯಾಗಿದೆ.

1990ರ ದಶಕದ ಶುರುವಿನಲ್ಲಿ ಕರ್ನಾಟಕದ ಕೆಲವು ಸೂರ್ಯಕಾಂತಿ ಹೊಲಗಳಲ್ಲಿ ಈ ಜೀರುಂಡೆ ಕಂಡಿತು. ಎಲೆಯನ್ನೂ ಕೆರೆದಿತ್ತು. ಗದ್ದಲ ಎದ್ದಿತು. ಎದ್ದದ್ದು ಸಹಜವೇ. ಹೊರದೇಶದ ಹುಳ ತಂದು ಬಿಟ್ಟವರು ಅಧಿಕಾರಿಗಳು, ಬೆಳೆ ರೈತನದು. ಹೊಸದಾಗಿ ಸಾಕಿ ಹಂಚುವುದು ನಿಂತಿತು. ತನಿಖೆಗೆ ಸಮಿತಿ ಬಂತು.

ಪಾರ್ಥೇನಿಯಂ, ಸೂರ್ಯಕಾಂತಿ, ಹುಚ್ಚೆಳ್ಳು ಎಲ್ಲ ಒಂದೇ ಮನೆತನದ ಗಿಡಗಳು. ಹಾಗಾಗಿ ಅನುಮಾನಕ್ಕೆ ಕಾರಣವಿತ್ತು. ಹುಳು ಹೆಚ್ಚಿದ ಕಡೆ ಅವು ಪಾರ್ಥೇನಿಯಂ ಅನ್ನು ಬೋಳಿಸಿಬಿಟ್ಟಿದ್ದವು. ಹಸಿದವು ಪಕ್ಕದ ಹೊಲಕ್ಕೆ ಹಾರಿದವು. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟವಾದದ್ದು: ಪಾರ್ಥೇನಿಯಂ ಹೂವಿನ ಪುಡಿ ಗಾಳಿಯಲ್ಲಿ ಬಂದು ಸೂರ್ಯಕಾಂತಿ ಎಲೆಯ ಮೇಲೆ ಕೂತಿದ್ದರೆ, ಜೀರುಂಡೆ ಆ ರುಚಿಗೆ ಮೋಸಹೋಗಿ ಎಲೆ ಕಚ್ಚುತ್ತದೆ. ಹಪ್ಪಳದ ತಟ್ಟೆಯ ಮೇಲೆ ಬೆಲ್ಲದ ಪುಡಿ ಬಿದ್ದ ಹಾಗೆ. ನಮ್ಮ ಮನೆಯ ಮಕ್ಕಳೂ ಹಾಗೇ ತಾನೆ?

ಅಂತೂ ಸೂರ್ಯಕಾಂತಿಯ ಮೇಲೆ ಪೀಳಿಗೆ ಮೇಲೆ ಪೀಳಿಗೆ ಬೆಳೆದು ಅದು ಬೆಳೆಯ ಪಿಡುಗಾಗಲಿಲ್ಲ. ಮೂವತ್ತು ವರ್ಷದ ಮೇಲಾಯಿತು, ಸೂರ್ಯಕಾಂತಿಗೆ ರೈತರು ಹೆದರುವುದು ಬೂದಿರೋಗಕ್ಕೆ, ಗಿಳಿಗಳಿಗೆ. ಈ ಹುಳದ ಹೆಸರು ಆ ಪಟ್ಟಿಯಲ್ಲಿ ನನಗೆ ಕಂಡಿಲ್ಲ. ಆದರೂ ಹೊಗಳುವಾಗ ಈ ಗಲಾಟೆಯನ್ನೂ ಹೇಳಬೇಕಿತ್ತು, ಒಪ್ಪಿದೆ. ನಿಮ್ಮ ಹೊಲದ ಬೇಲಿಗೆ ಅಂಟಿಕೊಂಡೇ ಹುಳ ಬಿಡಬೇಡಿ. ಸಸಿ ಎಳೆಯದಾಗಿರುವಾಗ ಪಕ್ಕದ ಪಾರ್ಥೇನಿಯಂ ಅನ್ನು ಕೈಯಿಂದಲೇ ಕಿತ್ತುಬಿಡಿ.

ಪ್ರಶ್ನೆ: ನನಗೆ ಈಗ ಎಂಬತ್ತೊಂದು. ನಮ್ಮಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ಊರ ಸುತ್ತ ಕೋಟೆಯ ಹಾಗೆ ಪಾಪಾಸುಕಳ್ಳಿ ಇತ್ತಂತೆ. ಆಮೇಲೆ ‘ಬೂದಿ ಬಿದ್ದು’ ಸತ್ತಿತಂತೆ. ಈಗ ಎಲ್ಲೋ ಒಂದೊಂದು ಕಾಣುತ್ತದೆ. ಆ ಬೂದಿ ಏನು?
– ಪಾವಗಡದ ಹಿರಿಯರೊಬ್ಬರು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ನನಗೆ ನಮ್ಮಜ್ಜಿಯೇ ಮಾತಾಡಿದ ಹಾಗಾಯಿತು. ಆ ಬೂದಿ ಒಂದು ಹುಳ. ಹತ್ತಿಯ ಹಾಗೆ ಬೆಳ್ಳಗೆ ಕಳ್ಳಿಗೆ ಅಂಟಿಕೊಳ್ಳುತ್ತದೆ. ಬೆರಳಲ್ಲಿ ಒರೆಸಿದರೆ ಕುಂಕುಮದಂಥ ಕೆಂಪು. ನಾನು ಚಿಕ್ಕವಳಿದ್ದಾಗ ಅದನ್ನು ಹಣೆಗೆ ಇಟ್ಟುಕೊಂಡು ಬೈಸಿಕೊಂಡಿದ್ದೇನೆ.

ಪಾಪಾಸುಕಳ್ಳಿಯೂ ನಮ್ಮದಲ್ಲ, ಅಮೆರಿಕದ್ದು. ಹುಳದ ಕಥೆ ಶುರುವಾಗುವುದು ಕಳೆಯಿಂದಲ್ಲ, ಬಟ್ಟೆಯ ಬಣ್ಣದಿಂದ. ಮೆಕ್ಸಿಕೋದಲ್ಲಿ ಕಳ್ಳಿಯ ಮೇಲೆ ಕಾಚಿನೀಲ್ ಎಂಬ ಹುಳ ಸಾಕಿ, ಒಣಗಿಸಿ, ಕಡುಗೆಂಪು ಬಣ್ಣ ತೆಗೆಯುತ್ತಿದ್ದರು. ಭಾರಿ ಬೆಲೆ. ಈಸ್ಟ್ ಇಂಡಿಯಾ ಕಂಪನಿಗೆ ಆಸೆಯಾಯಿತು. 1795ರಲ್ಲಿ ಬ್ರೆಜಿಲ್‌ನಿಂದ ಹಡಗಿನಲ್ಲಿ ಹುಳ ಕಲ್ಕತ್ತಕ್ಕೆ ಬಂತು. ಆದರೆ ಬಂದದ್ದು ಬೇರೆ ಜಾತಿ. ಬಣ್ಣ ಕೊಡುವುದರಲ್ಲಿ ದರಿದ್ರ. ಕಳ್ಳಿ ತಿನ್ನುವುದರಲ್ಲಿ ಮಾತ್ರ ಭೀಮ. ಬಣ್ಣದ ವ್ಯಾಪಾರ ಮುಳುಗಿತು, ಉತ್ತರದಲ್ಲಿ ಒಂದು ಜಾತಿಯ ಕಳ್ಳಿಯೂ ಮುಳುಗಿತು. ಅದನ್ನು ನೋಡಿಯೇ 1836ರ ಹೊತ್ತಿಗೆ ಹುಳವನ್ನು ಬೇಕೆಂದೇ ದಕ್ಷಿಣಕ್ಕೆ ತಂದರು. ಕಳೆ ಕೊಲ್ಲಲಿಕ್ಕೆಂದೇ ಮನುಷ್ಯ ಹುಳ ಒಯ್ದದ್ದು ಜಗತ್ತಿನಲ್ಲಿ ಇದೇ ಮೊದಲು ಅಂತ ಪುಸ್ತಕಗಳು ಹೇಳುತ್ತವೆ.

ಆದರೆ ದಕ್ಷಿಣದಲ್ಲಿ ಇನ್ನೊಂದು ಜಾತಿ ಕಳ್ಳಿ ಇತ್ತು. ಹಳದಿ ಹೂ, ಗಟ್ಟಿ ಮುಳ್ಳು, ಕೆಂಪು ಹಣ್ಣು. ಮೊದಲ ಹುಳ ಅದನ್ನು ಮೂಸಲೂ ಇಲ್ಲ. 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಜಾತಿಯ ಕಾಚಿನೀಲ್ ತಂದ ಮೇಲೆಯೇ ಅದು ಸೋತದ್ದು. ಐದಾರು ವರ್ಷದಲ್ಲಿ ದಕ್ಷಿಣ ಭಾರತದಲ್ಲಿ ಸುಮಾರು 40,000 ಹೆಕ್ಟೇರ್ ಕಳ್ಳಿ ನೆಲಕಚ್ಚಿತು. ನಿಮ್ಮಜ್ಜಿ ಕಂಡ ಬೂದಿ ಬಹುಶಃ ಇದೇ ಇರಬೇಕು.

ಆ ಹುಳ ಈಗಲೂ ಇದೆ. ನೀವು ಹೇಳಿದ ‘ಎಲ್ಲೋ ಒಂದೊಂದು’ ಕಳ್ಳಿಯ ಎಲೆ ತಿರುವಿ ನೋಡಿ, ಬೆಳ್ಳಗೆ ಕಂಡರೂ ಕಾಣಬಹುದು. ನೂರು ವರ್ಷದಿಂದ ಯಾರೂ ಸಂಬಳ ಕೊಟ್ಟಿಲ್ಲ. ಹಣ್ಣು ತಿಂದು ನಾಲಗೆ ಕೆಂಪು ಮಾಡಿಕೊಳ್ಳುವ ಮಕ್ಕಳಿಗೆ ಮಾತ್ರ ನಷ್ಟ.

ಪ್ರಶ್ನೆ: ಹಾಗಾದರೆ ಆಸ್ಟ್ರೇಲಿಯಾದಲ್ಲಿ ಕಬ್ಬಿನ ಹುಳ ತಿನ್ನಲಿ ಎಂದು ಬಿಟ್ಟ ಕಪ್ಪೆಯ ಗತಿ ಏನಾಯಿತು? ನಾವು ತಂದದ್ದು ಆಮೇಲೆ ನಮ್ಮ ಕೈಲಿ ಇರುತ್ತದೆಯೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇರುವುದಿಲ್ಲ. ಬಿಟ್ಟ ಹುಳವನ್ನು ವಾಪಸ್ ಕರೆಯಲು ಬರುವುದಿಲ್ಲ. ಮೊದಲು ಕಪ್ಪೆ. 1935ರಲ್ಲಿ ಹವಾಯಿಯಿಂದ ಕ್ವೀನ್ಸ್‌ಲ್ಯಾಂಡ್‌ಗೆ ಸುಮಾರು ನೂರು ಕಪ್ಪೆ ತಂದರು. ಕಪ್ಪೆ ಸಿಕ್ಕಿದ್ದೆಲ್ಲ ನುಂಗುವ ಪ್ರಾಣಿ. ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂದು ಕೂಡಿಹಾಕಿ ನೋಡಿದವರಿಲ್ಲ. ಕಬ್ಬಿನ ಜೀರುಂಡೆ ಮೇಲೆ ಎಲೆಯಲ್ಲಿ ಕೂರುತ್ತದೆ, ಕಪ್ಪೆ ನೆಲದಲ್ಲಿ. ಕೆಲಸ ಆಗುವುದಾದರೂ ಹೇಗೆ?

ಅದೇ ದೇಶದಲ್ಲಿ ಅದಕ್ಕೆ ಹತ್ತು ವರ್ಷ ಮೊದಲು ಇನ್ನೊಂದು ನಡೆದಿತ್ತು. ಅಲ್ಲಿಯೂ ಪಾಪಾಸುಕಳ್ಳಿ ಹಬ್ಬಿ, ಕೋಟ್ಯಂತರ ಎಕರೆ ಹಿಡಿದು, ರೈತರು ಮನೆ ಬಿಟ್ಟು ಹೋಗುವ ಸ್ಥಿತಿ ಬಂದಿತ್ತು. 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗದ ಮೊಟ್ಟೆ ತಂದರು. ಅದರ ಮರಿಹುಳ ಕಳ್ಳಿಯ ಒಳಗೇ ಕೊರೆದು ಕೊಳೆಸುತ್ತದೆ. ಏಳೆಂಟು ವರ್ಷದಲ್ಲಿ ಕಾಡುಕಾಡಾಗಿದ್ದ ಕಳ್ಳಿ ಕುಸಿಯಿತು. ಕ್ವೀನ್ಸ್‌ಲ್ಯಾಂಡ್‌ನ ಬೂನಾರ್ಗ ಎಂಬ ಊರಿನವರು ಆ ಹುಳದ ಹೆಸರಿನಲ್ಲಿ 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿದರು. ನಮ್ಮಲ್ಲಿ ಬಸವನಿಗೆ ಗುಡಿ ಕಟ್ಟಿದ ಹಾಗೆ, ಅಲ್ವಾ?

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ನಾನು ಪ್ರತಿ ಸಲ ಸ್ವಲ್ಪ ನಿಲ್ಲಿಸುತ್ತಿದ್ದೆ. 1957ರಲ್ಲಿ ಇದೇ ಪತಂಗವನ್ನು ಕೆರಿಬಿಯನ್ ಸಮುದ್ರದ ನೆವಿಸ್ ದ್ವೀಪಕ್ಕೆ ಒಯ್ದರು. ಆಸ್ಟ್ರೇಲಿಯಾದಲ್ಲಿ ಕಳ್ಳಿ ಪರದೇಶಿ ಗಿಡ. ನೆವಿಸ್ ಸುತ್ತಮುತ್ತ ಕಳ್ಳಿಯ ತವರು. ದ್ವೀಪದಿಂದ ದ್ವೀಪಕ್ಕೆ ದಾಟಿ 1989ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅಪರೂಪದ ಕಳ್ಳಿ ಜಾತಿಗಳೇ ಅದರ ಊಟವಾದವು. ಮೆಕ್ಸಿಕೋದವರಿಗೆ ನಿದ್ದೆ ಹೋಯಿತು, ಏಕೆಂದರೆ ಅವರಿಗೆ ಪಾಪಾಸುಕಳ್ಳಿ ತರಕಾರಿ, ಹಣ್ಣು, ಮೇವು. ಬಾವುಟದ ಮೇಲೂ ಅದೇ ಇದೆ. 2006ರಲ್ಲಿ ಅವರ ಒಂದು ದ್ವೀಪಕ್ಕೂ ಪತಂಗ ಬಂದಾಗ ಗಿಡಗಿಡ ಹುಡುಕಿ ಅಳಿಸಿಹಾಕಿದರು.

ಹುಳ ಅದೇ. ಅದು ಕಳ್ಳಿ ಬಿಟ್ಟು ಬೇರೆ ಏನೂ ತಿನ್ನಲಿಲ್ಲ, ಮಾತು ತಪ್ಪಲಿಲ್ಲ. ಒಯ್ದವರು ಅಕ್ಕಪಕ್ಕದ ಮನೆಯವರನ್ನು ಕೇಳಲಿಲ್ಲ. ಪರೀಕ್ಷೆಯಲ್ಲಿ ‘ಈ ಹುಳ ಎಷ್ಟು ಗಿಡ ತಿನ್ನುತ್ತದೆ’ ಎಂದು ಬರೆದರೆ ಪೂರ್ತಿ ಅಂಕ ಬರುತ್ತದೆ. ‘ಆ ಗಿಡಗಳು ಹಾರಿ ತಲುಪುವ ದೂರದಲ್ಲಿ ಎಲ್ಲಿವೆ, ಅವು ಯಾರಿಗೆ ಬೇಕು’ ಎನ್ನುವುದನ್ನೂ ನೀವು ಬರೆಯಬೇಕೆಂದು ನನ್ನ ಆಸೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಕೆರೆ ತುಂಬಾ ನೇರಳೆ ಹೂವಿನ ನೀರುಕಳೆ. ಪ್ರತಿ ವರ್ಷ ಯಂತ್ರ ತಂದು ತೆಗೆಸುತ್ತಾರೆ, ನಾಲ್ಕು ತಿಂಗಳಿಗೆ ಮತ್ತೆ ಹಾಗೇ. ಇದಕ್ಕೂ ಹುಳ ಇದೆ ಎಂದು ಕೇಳಿದೆ. ಯಾಕೆ ಬಿಡುವುದಿಲ್ಲ?
– ಬೆಂಗಳೂರಿನ ಓದುಗರು

ಉತ್ತರ: ಬಿಟ್ಟಿದ್ದಾರೆ. ನೀವು ಹುಟ್ಟುವ ಮೊದಲೇ ಇರಬಹುದು. ಅಮೆಜಾನ್ ಕಡೆಯ ಈ ಜಲಕುಂಭಿಯನ್ನು ತಿನ್ನುವ ನಿಯೋಕೆಟಿನಾ ಎಂಬ ಎರಡು ಜಾತಿಯ ಮೂತಿಹುಳಗಳನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದಿಂದ ತಂದು ಬೆಂಗಳೂರಿನ ಕೆರೆಗಳಿಗೇ ಬಿಟ್ಟರು. ಅಗರಂ ಕೆರೆಯಂಥ ಕಡೆ ಎರಡು ಮೂರು ವರ್ಷದಲ್ಲಿ ನೀರು ಕಾಣುವ ಹಾಗೆ ಮಾಡಿದವು. ನಿಮ್ಮ ಕೆರೆಯ ಒಂದು ಎಲೆ ಕಿತ್ತು ನೋಡಿ. ಯಾರೋ ಉಗುರಿನಿಂದ ಕೆರೆದ ಹಾಗೆ ಚಿಕ್ಕ ಚೌಕದ ಗಾಯಗಳಿದ್ದರೆ ಹುಳ ಮನೆಯಲ್ಲೇ ಇದೆ ಅಂತ ಅರ್ಥ.

ಹಾಗಾದರೆ ಯಾಕೆ ಸೋಲುತ್ತಿದೆ? ಕೆರೆಗೆ ಬರುವ ನೀರು ನೋಡಿ. ಚರಂಡಿ ನೀರೆಂದರೆ ಆ ಗಿಡಕ್ಕೆ ಬಾಳೆಎಲೆ ಊಟ. ಹುಳ ಒಂದು ಎಲೆ ಕೆರೆಯುವಷ್ಟರಲ್ಲಿ ಗಿಡ ಎರಡು ಬಿಡುತ್ತದೆ. ಮರಿಹುಳ ಕಾಂಡದೊಳಗೆ ಕೊರೆದು ಗಿಡ ಮುಳುಗಬೇಕಾದರೆ ಎರಡು ಮೂರು ವರ್ಷ ಬಿಡುವಿಲ್ಲದೆ ಕೆಲಸ ನಡೆಯಬೇಕು. ನೀವು ವರ್ಷಕ್ಕೊಮ್ಮೆ ಯಂತ್ರ ತರುತ್ತೀರಿ. ಯಂತ್ರ ಗಿಡದ ಜೊತೆ ಹುಳವನ್ನೂ ದಡಕ್ಕೆ ಹಾಕುತ್ತದೆ. ಉಳಿದ ನಾಲ್ಕು ಗಿಡ ಹುಳವಿಲ್ಲದೆ ಹಾಯಾಗಿ ಹಬ್ಬುತ್ತವೆ. ಯಂತ್ರ ಬೇಡ ಎನ್ನುತ್ತಿಲ್ಲ. ಒಂದು ಮೂಲೆಯ ಕಳೆಯನ್ನು ತೆಗೆಯದೆ ಬಿಡಿ, ಹುಳದ ಬೀಜಕ್ಕೆ. ದೊಡ್ಡ ಕೆಲಸ ಮಾತ್ರ ಚರಂಡಿಯದು. ಅದಕ್ಕೆ ಯಾವ ದೇಶದಲ್ಲೂ ಹುಳ ಸಿಗುವುದಿಲ್ಲ.

ಪ್ರಶ್ನೆ: ಕೇರಳದಲ್ಲಿ ಆಫ್ರಿಕನ್ ಪಾಯಲ್ ಅನ್ನುವ ತೇಲುವ ಕಳೆಯನ್ನು ಹುಳ ತಿಂದು ಮುಗಿಸಿತು ಎನ್ನುತ್ತಾರೆ. ನಿಜವೇ?
– ಕಾಸರಗೋಡು

ಉತ್ತರ: ಬಹುಮಟ್ಟಿಗೆ ನಿಜ. ಹೆಸರು ಮಾತ್ರ ಸುಳ್ಳು. ಸಾಲ್ವೀನಿಯಾ ಎಂಬ ಈ ನೀರುಜರಿ ಬ್ರೆಜಿಲ್‌ನದು. ಜರಿಗಿಡವಾದ್ದರಿಂದ ಹೂವಿಲ್ಲ, ತುಂಡಾದಲ್ಲೆಲ್ಲ ಹೊಸ ಗಿಡ.

ಇದರ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಬಹಳ ವರ್ಷ ವಿಜ್ಞಾನಿಗಳು ಈ ಗಿಡವನ್ನು ಅದರ ಸೋದರಸಂಬಂಧಿ ಎಂದು ತಪ್ಪಾಗಿ ತಿಳಿದಿದ್ದರು. ಆ ಸಂಬಂಧಿಯ ಊರಿಗೆ ಹೋಗಿ ಅದರ ಹುಳ ತಂದರು. ಮೂತಿಹುಳ ತಂದರು, ಮಿಡತೆ ತಂದರು. ಯಾವುದೂ ನಡೆಯಲಿಲ್ಲ. 1972ರಲ್ಲಿ ಡೇವಿಡ್ ಮಿಚೆಲ್ ಎಂಬುವರು, ಇದು ಬೇರೆಯೇ ಜಾತಿ ಎಂದು ಹೆಸರಿಟ್ಟರು. ಆಮೇಲೆ ಅದರ ನಿಜವಾದ ತವರು ಆಗ್ನೇಯ ಬ್ರೆಜಿಲ್‌ನಲ್ಲಿ ಸಿಕ್ಕಿತು. ಅಲ್ಲಿ ಸಿಕ್ಕಿದ ಮೂತಿಹುಳ ನೋಡಲು ಹಳೆಯದರ ಹಾಗೇ ಇತ್ತು, ಅದೂ ಬೇರೆ ಜಾತಿಯೇ. ಎರಡು ಮಿಲಿಮೀಟರ್ ಹುಳ. 1980ರಲ್ಲಿ ಆಸ್ಟ್ರೇಲಿಯಾದ ಮೂಂಡರ ಸರೋವರಕ್ಕೆ ಬಿಟ್ಟರು, ಒಂದು ವರ್ಷ ಚಿಲ್ಲರೆಯಲ್ಲಿ ಸರೋವರ ತೆರೆಯಿತು. ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲಿ ದೋಣಿ ಹೋಗದೆ ಜನ ಊರು ಬಿಟ್ಟಿದ್ದರು, ಅಲ್ಲೂ ಗೆದ್ದಿತು. ಈ ಕೆಲಸ ಮಾಡಿದ ಆಸ್ಟ್ರೇಲಿಯಾದ ವಿಜ್ಞಾನಿಗಳ ತಂಡಕ್ಕೆ 1985ರಲ್ಲಿ ಯುನೆಸ್ಕೋ ವಿಜ್ಞಾನ ಪ್ರಶಸ್ತಿ ಬಂತು.

ನಮ್ಮ ದೇಶದಲ್ಲಿ ಆ ಮೂತಿಹುಳಕ್ಕೆ ಮೊದಲ ಊಟ ಹಾಕಿದ್ದು ಬೆಂಗಳೂರಿನ ಒಂದು ತಾವರೆಕೊಳ. 1983–84ರಲ್ಲಿ ವರ್ಷದೊಳಗೆ ಕೊಳ ಬಯಲಾಯಿತು. ಆಮೇಲೆ ಕೇರಳದ ಕುಟ್ಟನಾಡಿನ ಗದ್ದೆ, ಕಾಲುವೆಗಳಿಗೆ ಹೋಯಿತು. ಗದ್ದೆಯಿಂದ ಈ ಕಳೆ ಎತ್ತಿಹಾಕಲು ರೈತರು ಸುರಿಯುತ್ತಿದ್ದ ದುಡ್ಡು ಉಳಿಯಿತು. ಅಲ್ಲಿ ಇಲ್ಲಿ ಈಗಲೂ ಕಾಣುತ್ತದೆ, ನಿಜ. ಒಂದು ಕಡೆ ಕಳೆ ಪೂರ್ತಿ ಮುಗಿದರೆ ಹುಳವೂ ಮುಗಿಯುತ್ತದೆ. ಮತ್ತೆ ಕಳೆ ಬಂದಾಗ ಮತ್ತೆ ಹುಳ ತಂದು ಹಾಕಬೇಕು.

ಪ್ರಶ್ನೆ: ಲಂಟಾನಕ್ಕೆ ಯಾವ ಹುಳ?
– ಚಾಮರಾಜನಗರ

ಉತ್ತರ: ಹವಾಯಿಯಲ್ಲಿ 1902ರಲ್ಲೇ ಶುರುಮಾಡಿದರು. ಇಷ್ಟು ವರ್ಷದಲ್ಲಿ ಜಗತ್ತಿನಾದ್ಯಂತ ಹತ್ತಾರು ಜಾತಿ ಹುಳ ಬಿಟ್ಟಾಯಿತು. ಎಲ್ಲೋ ಕೆಲವು ಕಡೆ ಬಿಟ್ಟರೆ ಲಂಟಾನ ನಗುತ್ತಲೇ ಇದೆ. ಅದು ತೋಟಗಾರರು ಬೆರಕೆ ಮಾಡಿ ಮಾಡಿ ಬೆಳೆಸಿದ ಗಿಡ, ಮೂಲ ಎಲ್ಲಿಯದೆಂದೇ ಗುರುತು ಹಿಡಿಯುವುದು ಕಷ್ಟ. ಒಂದು ಬಣ್ಣದ ಹೂವಿನ ಗಿಡ ತಿನ್ನುವ ಹುಳ ಇನ್ನೊಂದನ್ನು ಬಿಡುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿದರೆ ಹುಳ ಸಾಯುತ್ತದೆ, ಗಿಡ ಸಾಯುವುದಿಲ್ಲ. ನಿಮ್ಮ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿಯಲ್ಲಿ ಕುರ್ಚಿ, ಸೋಫಾ ಮಾಡುತ್ತಾರಲ್ಲ, ನನ್ನ ಮಟ್ಟಿಗೆ ಅವರೇ ಈವರೆಗಿನ ಒಳ್ಳೆಯ ಮದ್ದು.

ಪ್ರಶ್ನೆ: ನನ್ನ ಮಗ ವಿದೇಶದಲ್ಲಿದ್ದಾನೆ. ಕಳೆ ತಿನ್ನುವ ಹುಳ ಬರುವಾಗ ತರಲು ಹೇಳಲೇ?
– ಹಾಸನ

ಉತ್ತರ: ದಯವಿಟ್ಟು ಬೇಡ. ಅಪರಾಧವೂ ಹೌದು. ಬದುಕಿರುವ ಕೀಟ ತರಲು 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಕೇಂದ್ರದ ಅನುಮತಿ ಬೇಕು. ಅನುಮತಿ ಸಿಕ್ಕಿ ಬಂದ ಹುಳವನ್ನು ಮುಚ್ಚಿದ ಕೋಣೆಯಲ್ಲಿ ಸಾಕಿ, ಅದರ ಮೈಯಲ್ಲಿ ಬೇರೆ ರೋಗ, ಬೇರೆ ಹುಳ ಇದೆಯೇ ನೋಡಿ, ಹತ್ತಾರು ಬೆಳೆಗಳ ಮುಂದೆ ಉಪವಾಸ ಕೂರಿಸಿ ಪರೀಕ್ಷೆ ಮಾಡುತ್ತಾರೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ನಡೆಯುವುದು ಇದೇ ಕೆಲಸ. ಮಗನಿಗೆ ಚಾಕಲೇಟ್ ತರಲು ಹೇಳಿ.

ಪ್ರಶ್ನೆ: ಆಂಟಿ, ನಮ್ಮ ಶಾಲೆಯ ಹಿಂದೆ ಪಾರ್ಥೇನಿಯಂ ಗಿಡದ ಮೇಲೆ ಈ ಹುಳ ಸಿಕ್ಕಿತು. ಫೋಟೋ ಕಳಿಸಿದ್ದೇನೆ. ಇದೇ ಮೆಕ್ಸಿಕೋ ಹುಳವೇ? ಕಚ್ಚುತ್ತದೆಯೇ? ನಾನು ಏಳನೇ ಕ್ಲಾಸ್.
– ಮಧುಗಿರಿ

ಉತ್ತರ: ಪುಟ್ಟಾ, ಫೋಟೋ ಚೆನ್ನಾಗಿ ಬಂದಿದೆ. ಇದು ಮೆಕ್ಸಿಕೋದ್ದಲ್ಲ. ಬೆನ್ನು ಕೆಂಪು, ಮೇಲೆ ಕಪ್ಪು ಚುಕ್ಕೆ ಇದೆ ನೋಡು, ಇದು ಗುಲಗಂಜಿ ಹುಳ. ಗಿಡದ ಮೇಲಿನ ಸಣ್ಣ ಹೇನುಗಳನ್ನು ತಿನ್ನಲು ಬಂದಿದೆ. ಮೆಕ್ಸಿಕೋದ್ದಕ್ಕೆ ಚುಕ್ಕೆ ಇರುವುದಿಲ್ಲ, ಉದ್ದ ಗೀಟು ಇರುತ್ತದೆ. ಎರಡೂ ಕಚ್ಚುವುದಿಲ್ಲ. ಆದರೆ ಆ ಗಿಡ ಮುಟ್ಟಿದರೆ ಮೈ ತುರಿಸುತ್ತದೆ, ಬರಿಗೈಯಲ್ಲಿ ಹಿಡಿಯಬೇಡ. ನಿನ್ನ ಫೋಟೋದ ಎಡಮೂಲೆಯಲ್ಲಿ, ಎಲೆಯ ಅಡಿಗೆ, ಹಳದಿ ಬಣ್ಣದ ಮರಿಹುಳವೊಂದು ಅರ್ಧ ಕಾಣುತ್ತಿದೆ. ಅದು ಯಾರದೆಂದು ನನಗೆ ಅನುಮಾನವಿದೆ. ಮತ್ತೆ ಹೋಗಿ, ಎಲೆ ತಿರುವದೆ ಕೆಳಗಿನಿಂದ ಇನ್ನೊಂದು ಫೋಟೋ ತೆಗೆದು ಕಳಿಸುತ್ತೀಯಾ?